ಎಡಕುಮೇರಿಯ ಕಾಡನ್ನು ಅರಿಯಲು ಗ್ರಂಥಾಲಯದ ದಾರಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಟ್ಟದ ರೈಲು ಮಾರ್ಗದ ನಡುವೆ, ದಟ್ಟ ಕಾಡಿನಲ್ಲಿರುವ ಚಿಕ್ಕ ನಿಲ್ದಾಣ ಎಡಕುಮೇರಿ. ಸುಮಾರು 55 ಕಿ.ಮೀ. ಉದ್ದದ ಈ ಮಾರ್ಗದಲ್ಲಿ 57 ಸುರಂಗಗಳಿವೆ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಭೂಕುಸಿತವಾಗಿ ರೈಲು ಸಂಚಾರ ಹಲವು ದಿನ ನಿಂತುಹೋಯಿತು.

ಅದೇ ವಾರ, ಜುಲೈ 31ರಂದು, ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಹೊಸ ಕರಡು ಅಧಿಸೂಚನೆ ಹೊರಡಿಸಿತು. ಆರು ರಾಜ್ಯಗಳ ಸುಮಾರು 56,825 ಚದರ ಕಿ.ಮೀ. ಇದರ ವ್ಯಾಪ್ತಿಗೆ ಬರುತ್ತದೆ. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಆಕ್ಷೇಪಣೆ ಸಲ್ಲಿಸಲು ಜನರಿಗೆ ಇದ್ದ ಅವಧಿ 60 ದಿನ. ಇಂತಹ ದಾಖಲೆಯನ್ನು ಓದಿ ತಿಳಿಯದೆ ಒಪ್ಪುವುದೂ ವಿರೋಧಿಸುವುದೂ ಕೇವಲ ಕೇಳಿದ ಮಾತಿನ ಮೇಲೆಯೇ ನಡೆಯುತ್ತದೆ. ಓದಲು ಊರಿನ ಗ್ರಂಥಾಲಯಕ್ಕಿಂತ ಹತ್ತಿರದ ಜಾಗ ಬೇರಿಲ್ಲ.

ಮೊದಲು ಕನ್ನಡದ ಪುಸ್ತಕಗಳು

ಪರಿಸರದ ಓದಿಗೆ ಕನ್ನಡದಲ್ಲಿ ಒಳ್ಳೆಯ ಆರಂಭವಿದೆ. ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುತ್ತಾ ಗಿಡಮರಗಳನ್ನು ಪರಿಚಯಿಸುವ ಕೃತಿ. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಸಕಲೇಶಪುರಕ್ಕೆ ಹೊಂದಿಕೊಂಡಿರುವ ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ ‘ಪರಿಸರದ ಕತೆ’ ಮಕ್ಕಳಿಗೂ ಸುಲಭವಾಗಿ ತಲುಪುತ್ತದೆ. ಗಿಡ, ಹಕ್ಕಿ, ಕಪ್ಪೆಗಳ ಹೆಸರು ಗೊತ್ತಾದವರಿಗೆ ಕಾಡು ಬರೀ ಹಸಿರು ಗೋಡೆಯಾಗಿ ಕಾಣುವುದಿಲ್ಲ. ಎಡಕುಮೇರಿ ಕಾಡಿನ ಕೆಳಗಿನ ಗುಂಡ್ಯದ ಹೆಸರನ್ನೇ ವಿಜ್ಞಾನಿಗಳು 1980ರ ದಶಕದಲ್ಲಿ ಒಂದು ಕಪ್ಪೆ ಪ್ರಭೇದಕ್ಕೆ ಇಟ್ಟಿದ್ದಾರೆ.

ನಂತರ ವರದಿಗಳು

ಪುಸ್ತಕ ಕಾಡಿನ ಪರಿಚಯ ಮಾಡಿಕೊಟ್ಟರೆ, ವರದಿಗಳು ಅದರ ಬಗ್ಗೆ ಆಗುತ್ತಿರುವ ತೀರ್ಮಾನಗಳನ್ನು ತಿಳಿಸುತ್ತವೆ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿ ವರದಿ ನೀಡಿ, ಘಟ್ಟವನ್ನು ಮೂರು ಹಂತದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿತು. ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಹೇಳಿದ್ದೂ ಇದೇ ವರದಿ. 2013ರಲ್ಲಿ ಬಂದ ಕಸ್ತೂರಿರಂಗನ್ ಸಮಿತಿಯ ವರದಿ ಘಟ್ಟದ ಸುಮಾರು ಶೇ. 37ರಷ್ಟು ಭಾಗವನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಈಚಿನ ಕರಡುಗಳಿಗೆ ಆಧಾರ ಈ ಎರಡನೆಯ ವರದಿ.

ಕರಡನ್ನು ಓದಿದರೆ ಹಲವು ಆತಂಕಗಳಿಗೆ ಉತ್ತರ ಸಿಗುತ್ತದೆ. ಗಣಿಗಾರಿಕೆ, ಕಲ್ಲುಕ್ವಾರಿ ಮತ್ತು ಮರಳು ಗಣಿಗಾರಿಕೆ ನಿಷೇಧ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಹೊಸ ಕಟ್ಟಡಗಳಿಗೆ ತಡೆ ಎಂಬ ಅಂಶಗಳು ಅದರಲ್ಲಿವೆ. ಈಗಿರುವ ವಾಸದ ಮನೆಗಳ ದುರಸ್ತಿಗೆ, ವಿಸ್ತರಣೆಗೆ, ಆಸ್ತಿಯ ಹಕ್ಕು ಬದಲಾವಣೆಗೆ ಅಡ್ಡಿಯಿಲ್ಲ ಎಂದೂ ಇದೆ. ತಮ್ಮ ಊರಿನ ಹೆಸರು ಪಟ್ಟಿಯಲ್ಲಿದೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಈ ವರದಿಗಳು ಇಂಗ್ಲಿಷ್‌ನಲ್ಲಿ ದೀರ್ಘವಾಗಿವೆ. ಆದ್ದರಿಂದ ಶಿಕ್ಷಕರು ಅಥವಾ ಕಾಲೇಜು ವಿದ್ಯಾರ್ಥಿಗಳು ಸಂಬಂಧಪಟ್ಟ ಪುಟಗಳನ್ನು ಗ್ರಂಥಾಲಯದಲ್ಲಿ ಓದಿ ಕನ್ನಡದಲ್ಲಿ ವಿವರಿಸಿದರೆ ಉಪಯುಕ್ತ.

ಊರಿನದೇ ದಾಖಲೆ

ಮೂರನೆಯ ಆಕರ ಬಹುತೇಕರ ಗಮನಕ್ಕೇ ಬಂದಿರುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯರನ್ನು ಕೇಳಿ ‘ಜನತಾ ಜೀವವೈವಿಧ್ಯ ದಾಖಲಾತಿ’ ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ. ಊರಿನ ಮರಗಳು, ಔಷಧಿ ಗಿಡಗಳು, ಭತ್ತದ ತಳಿಗಳು, ಹಳ್ಳಕೊಳ್ಳಗಳು, ಅವುಗಳ ಬಗ್ಗೆ ಹಿರಿಯರಿಗಿರುವ ತಿಳಿವಳಿಕೆ ಇದರಲ್ಲಿ ಸೇರುತ್ತವೆ. ಇದರ ಪ್ರತಿಯೊಂದು ಗ್ರಂಥಾಲಯದಲ್ಲಿದ್ದರೆ ಮಕ್ಕಳು ಓದಬಹುದು, ಹಿರಿಯರು ಬಿಟ್ಟುಹೋದದ್ದನ್ನು ಹೇಳಿ ಸೇರಿಸಬಹುದು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಗ್ರಂಥಾಲಯವೂ ಸಮಿತಿಯೂ ಒಂದೇ ಪಂಚಾಯಿತಿಯವು. ಹೀಗಾಗಿ ದಾಖಲಾತಿಯ ಪ್ರತಿಯನ್ನು ಓದಲು ಇಡುವಂತೆ ಗ್ರಾಮಸಭೆಯಲ್ಲಿ ಕೇಳುವುದು ಕಷ್ಟದ ಕೆಲಸವಲ್ಲ.

ಪುಸ್ತಕ, ವರದಿ, ದಾಖಲಾತಿ ಈ ಮೂರನ್ನೂ ಜೊತೆಗಿಟ್ಟು ಓದಿದವರು ಮುಂದಿನ ಕರಡು ಬಂದಾಗ 60 ದಿನಗಳೊಳಗೆ ತಮ್ಮ ಊರಿನ ಹಳ್ಳ, ಗುಡ್ಡ, ಮರಗಳ ಹೆಸರು ಹಿಡಿದು ಅಭಿಪ್ರಾಯ ಬರೆಯಬಲ್ಲರು.