ಕೊಟ್ಟಿಗೆಯ ಗೊರಕೆಗೆ ಮೂಲ ಹೊಂಡದಲ್ಲಿ

ರಾತ್ರಿ ಕೊಟ್ಟಿಗೆಯಲ್ಲಿ ದನ ಗೊರಗೊರ ಸದ್ದು ಮಾಡುತ್ತ ಉಸಿರೆಳೆದರೆ ಶೀತವಾಗಿದೆ ಎಂದುಕೊಳ್ಳುವವರೇ ಹೆಚ್ಚು. ವಾರ ಕಳೆದರೂ ಸಿಂಬಳ ನಿಲ್ಲದೆ, ಅದರಲ್ಲಿ ರಕ್ತದ ಎಳೆ ಕಂಡರೆ ಅದು ಬರೀ ಶೀತವಲ್ಲ. ಹೊಳ್ಳೆಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಹೂಕೋಸಿನಂಥ ಗಂಟುಗಳು ಕಾಣಬಹುದು. ಪಶುವೈದ್ಯರು ಇದನ್ನು ಗೊರಕೆ ರೋಗ ಎನ್ನುತ್ತಾರೆ. ಕಾಟ ಮೂಗಿನಲ್ಲಿದ್ದರೂ ಅದು ಬಂದದ್ದು ದನ ಇಳಿದ ನೀರಿನಿಂದ, ಅಲ್ಲಿ ವಾಸಿಸುವ ಬಸವನಹುಳುವಿನ ಮೂಲಕ.

ಈ ಹುಳುವಿನ ಶಾಸ್ತ್ರೀಯ ಹೆಸರು ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್. 1834ರಲ್ಲೇ ವಿಜ್ಞಾನಿಗಳು ಇದನ್ನು ಗುರುತಿಸಿ ಹೆಸರಿಟ್ಟಿದ್ದರು. ಚಪ್ಪಟೆಯಾಗಿ ಸುತ್ತಿದ ಕಂದು ಚಿಪ್ಪು ಎರಡು ಸೆಂಟಿಮೀಟರ್‌ನಷ್ಟು ಅಗಲ. ಹಿಮೋಗ್ಲೋಬಿನ್ ಇರುವುದರಿಂದ ಇದರ ರಕ್ತ ಕೆಂಪು. ಗಾಳಿಯಾಡದ ಕೊಳಕು ನೀರಿನಲ್ಲೂ ಬದುಕುತ್ತದೆ. ಹೆಣ್ಣು ಗಂಡು ಎರಡೂ ಒಂದೇ ದೇಹದಲ್ಲಿರುವುದರಿಂದ ಒಂದೇ ಹುಳು ಹೊಸ ಸಂತಾನ ಹುಟ್ಟುಹಾಕಬಲ್ಲದು. ಹೊಂಡ ಬತ್ತಿದರೆ ಕೆಸರಿನೊಳಗೆ ಹುದುಗಿ ಮಳೆಗೆ ಕಾಯುತ್ತದೆ.

ಮೂಗಿನಿಂದ ನೀರಿಗೆ, ನೀರಿನಿಂದ ಮೂಗಿಗೆ

ಮೂಗಿನೊಳಗಿನ ರಕ್ತನಾಳದಲ್ಲಿ ಸೇರಿಕೊಳ್ಳುವ ಪರಾವಲಂಬಿ ಹುಳುವನ್ನು 1933ರಲ್ಲಿ ಮದ್ರಾಸಿನಲ್ಲಿ ಎಂ. ಅನಂತನಾರಾಯಣ ರಾವ್ ವಿವರಿಸಿದರು. ಅದೇ ಶಿಸ್ಟೋಸೋಮಾ ನೇಸೇಲ್. ಅದರ ಮೊಟ್ಟೆ ಸಿಂಬಳದ ಜೊತೆ ನೀರಿಗೆ ಬಿದ್ದು, ಒಡೆದು, ಹೊರಬಂದ ಮರಿ ಬಸವನಹುಳುವಿನ ದೇಹವನ್ನು ಹೊಗುತ್ತದೆ. ಒಂದು ಮರಿ ಅಲ್ಲಿ ಸಾವಿರಾರಾಗುತ್ತದೆ. ಕವಲು ಬಾಲದ ಆ ಮರಿಗಳು ಮತ್ತೆ ನೀರಿಗಿಳಿದು, ನೀರು ಕುಡಿಯಲು ಬಂದ ದನದ ಚರ್ಮವನ್ನೇ ಕೊರೆದು ಒಳಸೇರುತ್ತವೆ. ಎಮ್ಮೆಗಳಲ್ಲಿ ಲಕ್ಷಣ ಅಷ್ಟಾಗಿ ಕಾಣುವುದಿಲ್ಲ. ಆದರೆ ಅವುಗಳಿಂದಲೂ ಮೊಟ್ಟೆ ನೀರಿಗೆ ಸೇರುತ್ತಲೇ ಇರುತ್ತದೆ.

ಕುವೆಂಪು ಹುಟ್ಟಿದ ಹಿರೇಕೊಡಿಗೆಯಿಂದ ಶೃಂಗೇರಿಯ ತುಂಗಾ ತೀರದವರೆಗೆ, ನರಸಿಂಹರಾಜಪುರದ ಭದ್ರಾ ಹಿನ್ನೀರಿನವರೆಗೆ ನೀರಿಗೆ ಬರವಿಲ್ಲದ ಸೀಮೆ ನಮ್ಮ ಮಲೆನಾಡು. ಗದ್ದೆಯ ಮಗ್ಗುಲಿನ ಗುಂಡಿ, ಅಡಿಕೆ ತೋಟದ ಬಸಿಗಾಲುವೆ, ಪಾಚಿಗಟ್ಟಿದ ಕೆರೆಯಂಚು: ಇಂಥ ನಿಂತ ನೀರೆಂದರೆ ಈ ಬಸವನಹುಳುವಿಗೆ ತವರು. ಬೆಳಿಗ್ಗೆ ಅಕ್ಕಚ್ಚು ಕುಡಿಸಿ ಮೇಯಲು ಬಿಟ್ಟ ಮಲೆನಾಡು ಗಿಡ್ಡ ತಳಿಯ ದನ ಬಿಸಿಲೇರಿದಾಗ ಅಲ್ಲಿಗೇ ಇಳಿಯುತ್ತದೆ. ಬೇಸಿಗೆಯಲ್ಲಿ ನೀರು ಕುಗ್ಗಿದಂತೆ ಉಳಿದೊಂದು ಹೊಂಡದಲ್ಲೇ ದನವೂ ಬಸವನಹುಳುವೂ ಒಟ್ಟಾಗುತ್ತವೆ.

ಲಿಮ್ನಿಯಾ ಕುಲದ ಬಸವನಹುಳು ಇನ್ನೊಂದು ಕಾಟ ತರುತ್ತದೆ: ಪಿತ್ತಜನಕಾಂಗದ ಪಿತ್ತನಾಳಗಳನ್ನು ಸೇರುವ ಚಪ್ಪಟೆ ಹುಳು. ಅದರ ಮರಿಗಳು ನೀರಂಚಿನ ಹಸಿಹುಲ್ಲಿಗೆ ಅಂಟಿ ಕೂರುತ್ತವೆ. ಅದನ್ನು ಮೇಯ್ದ ದನ ಸೊರಗುತ್ತದೆ. ಗದ್ದದ ಕೆಳಗೆ ನೀರು ತುಂಬಿಕೊಳ್ಳುತ್ತದೆ.

ಮನುಷ್ಯರಿಗೇನು?

ಗೊರಕೆ ರೋಗ ತರುವ ಹುಳುವಿನ ಮರಿಗಳು ನಮ್ಮ ಚರ್ಮ ಹೊಕ್ಕರೆ ಅಲ್ಲೇ ಸಾಯುತ್ತವೆ. ಆದರೂ ನಾಟಿಗೆ ಇಳಿದವರ ಕಾಲಿಗೆ ತುರಿಕೆ, ಗುಳ್ಳೆ ತಪ್ಪುವುದಿಲ್ಲ. ಆಫ್ರಿಕಾದಲ್ಲಿ ಇದೇ ಕುಲದ ಬೇರೆ ಹುಳುಗಳು ಮನುಷ್ಯರನ್ನೇ ಕೋಟ್ಯಂತರ ಸಂಖ್ಯೆಯಲ್ಲಿ ಕಾಡಿವೆ. ಭಾರತದಲ್ಲೂ, ಸಹ್ಯಾದ್ರಿಯ ಪಡುವಣ ಮಗ್ಗುಲಿನ ರತ್ನಾಗಿರಿ ಜಿಲ್ಲೆಯ ಗಿಮ್ವಿಯಲ್ಲಿ, ಅಂಥ ರೋಗ 1952ರಲ್ಲಿ ವರದಿಯಾಗಿತ್ತು.

ಗೊರಕೆ ರೋಗಕ್ಕೆ ಪ್ರಾಜಿಕ್ವಾಂಟೆಲ್‌ನಂಥ ಔಷಧಿ ಇದೆ. ಸಿಂಬಳವನ್ನೂ ಸಗಣಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಹುಳು ಎಂಬುದು ಗೊತ್ತಾಗುತ್ತದೆ. ಆದರೆ ಔಷಧಿ ಕೊಟ್ಟ ದನವನ್ನು ಅದೇ ಹೊಂಡಕ್ಕೆ ಬಿಟ್ಟರೆ ಖರ್ಚೂ ಶ್ರಮವೂ ನೀರುಪಾಲು. ಕೊಂಡಿ ತುಂಡಾಗಬೇಕಾದದ್ದು ನೀರಿನಲ್ಲಿ. ಹಾಗೆಂದು ಕೆರೆಗೆ ಮೈಲುತುತ್ತ ಸುರಿದರೆ ಮೀನೂ ಸಾಯುತ್ತದೆ. ಬಾವಿ ಅಥವಾ ನಲ್ಲಿಯ ನೀರನ್ನು ಕೊಟ್ಟಿಗೆಯ ಮರಿಗೆಗೇ ತುಂಬಿಸುವುದು, ಹೊಂಡದ ದಡಕ್ಕೆ ಬೇಲಿ ಕಟ್ಟುವುದು, ಕಳೆ ತೆಗೆಯುವುದು, ಬಸವನಹುಳು ತಿನ್ನುವ ಬಾತುಕೋಳಿ ಸಾಕುವುದು, ಚೆನ್ನಾಗಿ ಒಣಗಿದ ಹುಲ್ಲನ್ನೇ ಬಣವೆ ಹಾಕುವುದು ನಮ್ಮ ಕೈಲಾಗುವ ಕೆಲಸಗಳು. ಆದರೆ ಒಂದು ಮನೆಯವರು ಮಾಡಿ, ಪಕ್ಕದ ಮನೆಯವರು ಬಿಟ್ಟರೆ ಹೊಂಡ ಶುದ್ಧವಾಗುವುದಿಲ್ಲ. ಊರಿನ ದನವೆಲ್ಲ ಇಳಿಯುವ ನೀರಿಗೆ ಊರೇ ಹೊಣೆ. ಗ್ರಾಮ ಪಂಚಾಯಿತಿ ಮತ್ತು ಪಶು ಆಸ್ಪತ್ರೆ ಒಟ್ಟಾಗಿ ಮಳೆಗಾಲ ಮುಗಿಯುತ್ತಲೇ ಈ ಕೆಲಸಕ್ಕೆ ಇಳಿಯಬೇಕು.