ಯಕೃತ್ತಿನ ರೋಗವೊಂದರಲ್ಲಿ ವಂಶವಾಹಿಯ ಭೇದ ಮತ್ತು ಔಷಧದ ಫಲ

ಮನುಷ್ಯರನ್ನು ಜನಾಂಗಗಳೆಂದು ವಿಂಗಡಿಸುವ ಪದ್ಧತಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಹಳೆಯ ಪ್ರಶ್ನೆ. ಹೆಪಟೈಟಿಸ್ ‘ಸಿ’ ರೋಗದ ಚಿಕಿತ್ಸೆಯ ವೃತ್ತಾಂತವು ಈ ಪ್ರಶ್ನೆಗೆ ಅನಿರೀಕ್ಷಿತವಾದ ದಿಕ್ಕಿನಿಂದ ಬೆಳಕು ಬೀರುವುದರಿಂದ ಅದನ್ನಿಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಈ ರೋಗದ ವೈರಸ್ 1989ರಲ್ಲಿ ಗುರುತಿಸಲ್ಪಟ್ಟಿತು. ರಕ್ತದ ಮೂಲಕ ಹರಡುವ ಇದು ಅನೇಕರ ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನೆಲಸಿ, ಕಡೆಗೆ ಅದನ್ನು ಗಡುಸುಗೊಳಿಸುತ್ತದೆ. ಕೆಲವರಲ್ಲಿ ಕ್ಯಾನ್ಸರಿಗೂ ಎಡೆಮಾಡುತ್ತದೆ. 2001ರಿಂದ ಸುಮಾರು ಒಂದು ದಶಕದವರೆಗೆ ವಾರಕ್ಕೊಮ್ಮೆ ಪೆಗ್‌ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ರೈಬವಿರಿನ್ ಗುಳಿಗೆ—ಇದೇ ರೂಢಿಯ ಚಿಕಿತ್ಸೆಯಾಗಿತ್ತು. ವೈರಸ್ಸಿನ ಒಂದನೆಯ ಪ್ರಭೇದಕ್ಕೆ 48 ವಾರ ಬೇಕು. ಜ್ವರ, ಮನಸ್ಸಿನ ಖಿನ್ನತೆ, ರಕ್ತಹೀನತೆಗಳನ್ನು ವರ್ಷವಿಡೀ ಸಹಿಸಿದ ಮೇಲೂ ಈ ಪ್ರಭೇದದ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಗುಣ ಕಾಣುತ್ತಿರಲಿಲ್ಲ. ಫಲ ಯಾರಿಗೆ ದೊರೆತೀತು, ಯಾರಿಗೆ ದೊರೆಯದು ಎಂಬುದನ್ನು ಮೊದಲೇ ತಿಳಿಯುವುದು ಹಾಗಾಗಿ ಕೇವಲ ಕುತೂಹಲದ ವಿಷಯವಾಗಿರಲಿಲ್ಲ.

ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಳಿಯರಲ್ಲಿ ನೂರಕ್ಕೆ 52 ಮಂದಿಯೂ ಕರಿಯರಲ್ಲಿ ಕೇವಲ 19 ಮಂದಿಯೂ ಗುಣಹೊಂದಿದ್ದರು. ಈ ಅಂತರವನ್ನು ಮೈಬಣ್ಣದ ಲೆಕ್ಕಕ್ಕೇ ಬರೆದು ಸುಮ್ಮನಾಗುವುದು ಸುಲಭ. ಆದರೆ 2009ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಸಾವಿರಕ್ಕೂ ಮಿಕ್ಕ ರೋಗಿಗಳ ವಂಶವಾಹಿಗಳನ್ನು ಶೋಧಿಸಿ, 19ನೆಯ ವರ್ಣತಂತುವಿನಲ್ಲಿ ಐಎಲ್28ಬಿ ಎಂಬ ವಂಶವಾಹಿಯ ಬಳಿ ಒಂದೇ ಅಕ್ಷರದ ವ್ಯತ್ಯಾಸವನ್ನು ತೋರಿಸಿದರು. ಆ ಸ್ಥಾನದಲ್ಲಿ ಇರುವುದು ‘ಸಿ’ ಇಲ್ಲವೆ ‘ಟಿ’. ತಂದೆತಾಯಿಗಳಿಬ್ಬರಿಂದಲೂ ‘ಸಿ’ ಪಡೆದವರಿಗೆ ಔಷಧ ಫಲಿಸುವ ಸಂಭವ ಇಬ್ಬರಿಂದಲೂ ‘ಟಿ’ ಪಡೆದವರಿಗಿಂತ ಸುಮಾರು ಇಮ್ಮಡಿ. ಅದೇ ವರ್ಷ ಜಪಾನ್ ಮತ್ತು ಆಸ್ಟ್ರೇಲಿಯಗಳ ಶೋಧಕರೂ ಇದೇ ತಾಣಕ್ಕೆ ಬಂದು ತಲುಪಿದರು.

‘ಸಿ’ ರೂಪವು ಪೂರ್ವ ಏಷ್ಯದಲ್ಲಿ ಅತ್ಯಧಿಕ, ಯುರೋಪಿನಲ್ಲಿ ಮಧ್ಯಮ, ಆಫ್ರಿಕದಲ್ಲಿ ಅಲ್ಪ. ಬಿಳಿಯರಿಗೂ ಕರಿಯರಿಗೂ ಇದ್ದ ಅಂತರದಲ್ಲಿ ಸುಮಾರು ಅರ್ಧ ಈ ಒಂದರಿಂದಲೇ ವಿವರಿಸಲ್ಪಟ್ಟಿತು. ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ ಬೇರೆಯದು: ಎರಡು ‘ಸಿ’ಗಳುಳ್ಳ ಆಫ್ರಿಕನ್ ಮೂಲದವರಲ್ಲಿ ನೂರಕ್ಕೆ 53 ಮಂದಿ ಗುಣಹೊಂದಿದರೆ, ಎರಡು ‘ಟಿ’ಗಳುಳ್ಳ ಯುರೋಪಿಯನ್ ಮೂಲದವರಲ್ಲಿ ಗುಣಹೊಂದಿದವರು 33 ಮಂದಿ ಮಾತ್ರ. ಬಣ್ಣವನ್ನು ನೋಡಿ ಫಲ ನುಡಿದ ವೈದ್ಯನು ಇವರಿಬ್ಬರ ವಿಷಯದಲ್ಲಿಯೂ ತಪ್ಪುತ್ತಿದ್ದನು.

ಇದರ ಕಾರಣವು 2013ರಲ್ಲಿ ಇನ್ನಷ್ಟು ವಿಶದವಾಯಿತು. ಸಮೀಪದ ಇನ್ನೊಂದು ವ್ಯತ್ಯಾಸವುಳ್ಳವರ ದೇಹವು ಇಂಟರ್‌ಫೆರಾನ್ ಲ್ಯಾಂಬ್ಡ-4 ಎಂಬ ಪ್ರೋಟೀನನ್ನು ತಯಾರಿಸಬಲ್ಲದು. ಆಶ್ಚರ್ಯವೆಂದರೆ, ವೈರಸ್ಸನ್ನು ಓಡಿಸಲಾರದವರು ಹೆಚ್ಚಾಗಿ ಇವರೇ. ಇಂಥವರ ಯಕೃತ್ತಿನಲ್ಲಿ ಇಂಟರ್‌ಫೆರಾನಿಗೆ ಓಗೊಡುವ ವಂಶವಾಹಿಗಳು ಚಿಕಿತ್ಸೆಗೆ ಮೊದಲೇ ಎಚ್ಚತ್ತಿರುತ್ತವೆ. ಸಂತೆಯ ಗದ್ದಲದಲ್ಲಿ ಇನ್ನೊಂದು ಕೂಗು ಕೇಳಿಸದಂತೆ, ಹೊರಗಿನಿಂದ ಕೊಟ್ಟ ಔಷಧಕ್ಕೆ ಅಲ್ಲಿ ಹೊಸ ಕೆಲಸ ಉಳಿದಿರುವುದಿಲ್ಲ.

2013ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೊಫೋಸ್ಬುವಿರ್ ಮತ್ತು ಅದರ ಜೊತೆಯ ಗುಳಿಗೆಗಳು ವೈರಸ್ಸಿನ ಪ್ರೋಟೀನುಗಳನ್ನೇ ನೇರವಾಗಿ ತಡೆಯುತ್ತವೆ. ಸಾಮಾನ್ಯವಾಗಿ 12 ವಾರಗಳಲ್ಲಿ ನೂರಕ್ಕೆ 95ರಷ್ಟು ಮಂದಿ ಗುಣಹೊಂದುವುದರಿಂದ, ಚಿಕಿತ್ಸೆಗೆ ಮುನ್ನ ಈ ಅಕ್ಷರವನ್ನು ಪರೀಕ್ಷಿಸುವ ಅಗತ್ಯ ಬಹುಮಟ್ಟಿಗೆ ತಪ್ಪಿತು. ಆದರೂ ಯಾವ ಔಷಧವೂ ಇಲ್ಲದೆ ಸೋಂಕನ್ನು ತಾನೇ ಕಳೆದುಕೊಳ್ಳುವವರಲ್ಲಿ ‘ಸಿ’ ರೂಪದವರೇ ಹೆಚ್ಚು.