ನಿಧಾನವಾಗಿ ಹೋದರೆ ಎಂಜಿನು ಕಾಯುವುದೇಕೆ?

ನವೆಂಬರು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನ ಹಂಗಾಮು. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾಗಳ ಮೇಲೆ ಗೋಕಾಕಕ್ಕೆ ಬರುವ ರಸ್ತೆಯಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡ ಕಾರು ಆಮೆಯ ನಡಿಗೆಯಲ್ಲಿ ನಡೆಯಲೇಬೇಕು. ಆಗ ಕೆಲವು ಕಾರುಗಳಲ್ಲಿ ಉಷ್ಣತೆಯನ್ನು ತೋರಿಸುವ ಮುಳ್ಳು ಮೆಲ್ಲಮೆಲ್ಲನೆ ಕೆಂಪು ಗೆರೆಯತ್ತ ಏರುತ್ತದೆ. ಮುಂದೆ ದಾರಿ ತೆರವಾಗಿ ಕಾರು ಓಡತೊಡಗಿದೊಡನೆ ಅದೇ ಮುಳ್ಳು ತಾನಾಗಿ ಕೆಳಗಿಳಿಯುತ್ತದೆ.

ಇದೇನು ವಿಚಿತ್ರ! ಓಡುವಾಗ ತಣ್ಣಗಿದ್ದ ಎಂಜಿನು ತೆವಳುವಾಗ ಕಾಯುವುದುಂಟೆ? ಇನ್ನೂ ವಿಚಿತ್ರವೆಂದರೆ, ಮುಂದುಗಡೆ ಅಷ್ಟು ದೊಡ್ಡ ಹೊರೆಯನ್ನು ಎಳೆಯುತ್ತ ಅದೇ ನಿಧಾನದಲ್ಲಿ ಸಾಗುವ ಟ್ರ್ಯಾಕ್ಟರು ಕುದಿಯುವುದಿಲ್ಲ. ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ಯೋಚಿಸಿದರೆ ರೋಗದ ಮೂಲವು ತಾನೇ ಗೋಚರಿಸುತ್ತದೆ.

ಶಾಖವು ಹೋಗುವ ದಾರಿ

ಎಂಜಿನಿನಲ್ಲಿ ಇಂಧನವು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಎಂಜಿನಿನ ಸುತ್ತ ಹರಿಯುವ ದ್ರವವು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ. ದ್ರವವು ಇಲ್ಲಿ ಹಮಾಲನಿದ್ದಂತೆ. ಅವನ ತಲೆಯ ಹೊರೆಯನ್ನು ಇಳಿಸಿಕೊಳ್ಳಬೇಕಾದದ್ದು ಗಾಳಿ. ಗಾಳಿ ಬರದಿದ್ದರೆ ಹಮಾಲನು ಹೊತ್ತ ಹೊರೆಯೊಡನೆಯೇ ಮರಳಬೇಕಾಗುತ್ತದೆ.

ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಕಾರಿಗೆ ಗಾಳಿಯ ಕೊರತೆಯಿಲ್ಲ. ಗಂಟೆಗೆ 5 ಕಿಲೋಮೀಟರಿಗೆ ಇಳಿದಾಗ ಗಾಳಿಯನ್ನು ಎಳೆದು ತರುವ ಭಾರವೆಲ್ಲ ಫ್ಯಾನಿನ ಮೇಲೆ ಬೀಳುತ್ತದೆ. ಈ ತೊಡಕು ಹೊಸದಲ್ಲ. 1900–01ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಮರ್ಸಿಡಿಸ್ ಕಾರಿಗಾಗಿ ಜೇನುಗೂಡಿನಂಥ ರೇಡಿಯೇಟರನ್ನು ನಿರ್ಮಿಸಿದನು. ಅದರಲ್ಲಿ 8,070 ಚಿಕ್ಕ ಚೌಕ ಕೊಳವೆಗಳಿದ್ದವು. ಅಷ್ಟು ಮೇಲ್ಮೈ ಇದ್ದರೂ, ನಿಧಾನದ ಓಟಕ್ಕೆಂದು ಅವನು ಅದರ ಹಿಂದೆ ಒಂದು ಫ್ಯಾನನ್ನು ಜೋಡಿಸಬೇಕಾಯಿತು.

ಟ್ರ್ಯಾಕ್ಟರು ಹುಟ್ಟಿನಿಂದಲೇ ನಿಧಾನಗಾಮಿ. ಅದರ ಫ್ಯಾನು ಸಾಮಾನ್ಯವಾಗಿ ಬೆಲ್ಟಿನ ಮೂಲಕ ಎಂಜಿನಿಗೇ ಜೋಡಿಸಲ್ಪಟ್ಟಿರುತ್ತದೆ. ಎಂಜಿನು ತಿರುಗಿದರೆ ಅದೂ ತಿರುಗಲೇಬೇಕು. ಇಂದಿನ ಹೆಚ್ಚಿನ ಕಾರುಗಳಲ್ಲಾದರೋ ವಿದ್ಯುತ್ತಿನ ಫ್ಯಾನು. ಸೆನ್ಸರು, ರಿಲೇ, ಫ್ಯೂಸು, ಮೋಟರು – ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಫ್ಯಾನು ಸ್ತಬ್ಧವಾಗುತ್ತದೆ. ತೆರಪಾದ ರಸ್ತೆಯಲ್ಲಿ ಓಡುವವರೆಗೆ ಅದು ಯಾರ ಗಮನಕ್ಕೂ ಬಾರದು.

ರೋಗವನ್ನು ಗುರುತಿಸುವ ಬಗೆ

ಮೊದಲ ಪ್ರಶ್ನೆ: ಎಂಜಿನು ಯಾವಾಗ ಕಾಯುತ್ತದೆ? ಓಡುವಾಗಲೂ ಕಾಯುತ್ತಿದ್ದರೆ ದ್ರವವು ಸೋರಿಹೋಗಿರಬಹುದು, ಥರ್ಮೋಸ್ಟ್ಯಾಟು ತೆರೆಯದೆ ನಿಂತಿರಬಹುದು, ಪಂಪು ಕೆಟ್ಟಿರಬಹುದು, ಅಥವಾ ಗಡಸು ನೀರಿನ ಸುಣ್ಣದ ಪದರು ರೇಡಿಯೇಟರಿನ ಕೊಳವೆಗಳನ್ನು ಕಟ್ಟಿರಬಹುದು. ನಿಧಾನದಲ್ಲಿ ಮಾತ್ರ ಕಾಯುತ್ತಿದ್ದರೆ, ದ್ರವದ ಮಟ್ಟವು ಸರಿಯಾಗಿದೆಯೆಂದು ಕಂಡುಕೊಂಡ ಮೇಲೆ, ಗಾಳಿಯನ್ನೇ ಸಂಶಯಿಸಬೇಕು. ಇಂಥ ಕಾರಿನಲ್ಲಿ ಥರ್ಮೋಸ್ಟ್ಯಾಟನ್ನು ಕಿತ್ತುಹಾಕಿಸುವುದು ಕಾಲುನೋವಿಗೆ ಕೈಗೆ ಪಟ್ಟಿ ಕಟ್ಟಿದಂತೆ.

ಕಾರನ್ನು ನಿಲ್ಲಿಸಿ, ಎಂಜಿನು ನಡೆಯುತ್ತಿರುವಾಗಲೇ ಎ.ಸಿ.ಯನ್ನು ಹಾಕಿದರೆ ಬಹುತೇಕ ಕಾರುಗಳಲ್ಲಿ ಫ್ಯಾನು ತಿರುಗತೊಡಗಬೇಕು. ತಿರುಗದಿದ್ದರೆ ಮೊದಲು ಫ್ಯೂಸನ್ನು ನೋಡಬೇಕು. ಬಳಿಕ ರಿಲೇಯನ್ನು ತೆಗೆದು ಅದೇ ಬಗೆಯ ಇನ್ನೊಂದನ್ನು ಹಾಕಿ ಪರೀಕ್ಷಿಸಬೇಕು. ಬ್ಯಾಟರಿಯಿಂದ ಮೋಟರಿಗೆ ನೇರವಾಗಿ ವಿದ್ಯುತ್ತನ್ನು ಕೊಟ್ಟರೆ ನಿರ್ಣಯವು ಪೂರ್ಣವಾಗುತ್ತದೆ. ಮೋಟರು ತಿರುಗಿದರೆ ದೋಷವು ಅದರ ಹಿಂದಿನ ಕೊಂಡಿಗಳಲ್ಲಿದೆ. ತಿರುಗದಿದ್ದರೆ ಮೋಟರಿನಲ್ಲೇ ಇದೆ. ಈ ಕೊನೆಯ ಪರೀಕ್ಷೆ ಮೆಕ್ಯಾನಿಕನ ಕೈಯಲ್ಲೇ ನಡೆಯಲಿ. ಕೆಲವು ಕಾರುಗಳಲ್ಲಿ ಎಂಜಿನನ್ನು ನಿಲ್ಲಿಸಿದ ಮೇಲೂ ಫ್ಯಾನು ಥಟ್ಟನೆ ತಿರುಗುವುದುಂಟು. ಬೆರಳುಗಳನ್ನು ಅದರ ಹತ್ತಿರಕ್ಕೆ ಒಯ್ಯಲಾಗದು.

ಫ್ಯಾನು ತಿರುಗುತ್ತಿದ್ದರೂ ಎಂಜಿನು ಕಾಯುವುದೆ? ಹಾಗಾದರೆ ಗಾಳಿಯ ದಾರಿ ಕಟ್ಟಿದೆ. ಕಬ್ಬಿನ ಗಾಡಿಗಳಿಂದ ಉದುರಿದ ರವದಿ, ರಸ್ತೆಯ ಧೂಳು, ಹುಳುಗಳು ಎ.ಸಿ. ಕಂಡೆನ್ಸರು ಮತ್ತು ರೇಡಿಯೇಟರುಗಳ ಸಂದಿನಲ್ಲಿ ಸೇರಿಕೊಳ್ಳುತ್ತವೆ; ಮುಂದಿನಿಂದ ನೋಡಿದವರಿಗೆ ಇವು ಕಾಣಿಸುವುದಿಲ್ಲ. ಎಂಜಿನು ತಣ್ಣಗಾದ ಮೇಲೆ ಹಿಂದಿನಿಂದ ಮುಂದಕ್ಕೆ, ಎಂದರೆ ಗಾಳಿಯ ದಾರಿಗೆ ಎದುರಾಗಿ, ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಜೋರಾದ ಧಾರೆಯಿಂದ ತೆಳುವಾದ ತಗಡುಗಳು ಬಾಗಿ ದಾರಿ ಇನ್ನಷ್ಟು ಮುಚ್ಚಿಹೋಗುತ್ತದೆ. ಫ್ಯಾನಿನ ಸುತ್ತಲಿನ ಗೂಡು ಮುರಿದಿದ್ದರೂ ಗಾಳಿಯು ರೇಡಿಯೇಟರನ್ನು ಹಾಯದೆ ಪಕ್ಕದಿಂದ ನುಸುಳುತ್ತದೆ. ತಂತಿಗಳು ಅದಲುಬದಲಾಗಿದ್ದರೆ ಫ್ಯಾನು ಹಿಮ್ಮುಖವಾಗಿ ತಿರುಗುವುದೂ ಉಂಟು.

ಅವಸರದ ಅಪಾಯ

ಸಮುದ್ರಮಟ್ಟದಿಂದ ಐದಾರುನೂರು ಮೀಟರು ಎತ್ತರದಲ್ಲಿರುವ ಗೋಕಾಕದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹೊರಗಿನದರ ಸುಮಾರು ಎರಡರಷ್ಟಕ್ಕೆ ಏರಗೊಡುವುದರಿಂದ ಅಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಇರಬಲ್ಲುದು. ಕಾದ ಎಂಜಿನಿನ ಮುಚ್ಚಳವನ್ನು ತೆರೆದೆವೋ, ಒತ್ತಡವು ಒಮ್ಮೆಲೇ ಕುಸಿದು ಆ ನೀರಿನ ಒಂದಂಶವು ಕ್ಷಣಾರ್ಧದಲ್ಲಿ ಆವಿಯಾಗಿ ಮುಖಕ್ಕೆ ಸಿಡಿಯುತ್ತದೆ. ಇದರಿಂದ ಆಗುವ ಸುಟ್ಟಗಾಯಗಳು ಭಯಂಕರವಾದವು.

ಆದುದರಿಂದ ಮುಳ್ಳು ಏರತೊಡಗಿದಾಗ ಎ.ಸಿ.ಯನ್ನು ನಿಲ್ಲಿಸಿ ಹೀಟರನ್ನು ಪೂರ್ತಿ ತೆರೆಯಬೇಕು. ಹೀಟರು ಇನ್ನೊಂದು ಚಿಕ್ಕ ರೇಡಿಯೇಟರೇ ಆಗಿದೆ; ನಮಗೆ ಸೆಕೆಯಾದರೂ ಎಂಜಿನಿಗೆ ಉಪಶಮನ. ಮುಳ್ಳು ಕೆಂಪನ್ನು ಮುಟ್ಟಿದರೆ ಬದಿಗೆ ನಿಲ್ಲಿಸಿ, ಎಂಜಿನನ್ನು ಆರಿಸಿ, ಪೂರ್ತಿ ತಣಿಯುವವರೆಗೆ ಕಾಯುವುದೇ ಮಾರ್ಗ. ಮುಂದಕ್ಕೆ ಓಡಿಸಿದರೆ ಅಥವಾ ಕಾದ ಎಂಜಿನಿಗೆ ತಣ್ಣೀರು ಸುರಿದರೆ ಬೇರೊಂದು ಹಾನಿ ಕಾದಿರುತ್ತದೆ. ಅಲ್ಯೂಮಿನಿಯಮ್ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅದರಿಂದ ಮಾಡಿದ ಸಿಲಿಂಡರ್ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಕೆಟ್ಟುಹೋಗುತ್ತದೆ. ಒಂದು ಫ್ಯೂಸಿನಿಂದ ಮುಗಿಯಬಹುದಾಗಿದ್ದ ದುರಸ್ತಿಗೆ ಆಗ ಎಂಜಿನನ್ನೇ ಬಿಚ್ಚಬೇಕಾಗುತ್ತದೆ.

ವೈದ್ಯನು ಜ್ವರದ ರೋಗಿಯನ್ನು ಮೊದಲು ಕೇಳುವುದು, ಜ್ವರ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು. ಯಂತ್ರದ ಜ್ವರಕ್ಕೂ ಆ ಪ್ರಶ್ನೆಯೇ ಮೊದಲನೆಯದು. ಅದಕ್ಕೆ ಸರಿಯಾದ ಉತ್ತರ ದೊರೆತರೆ ಅರ್ಧ ಚಿಕಿತ್ಸೆ ಮುಗಿದಂತೆಯೇ ಸರಿ.